ಹದ್ದಿಲ್ಲದ ಆವೃತ್ತಿ

ಒಂದೇ ಆಟವನ್ನು ಎರಡು ಮೂರು ಯಂತ್ರಗಳಲ್ಲಿ ಆಡಿ, ಯಾವುದರಲ್ಲಿ ಮೋಡ ಬೆಳ್ಳಗಿದೆ, ಯಾವುದರಲ್ಲಿ ಬೂದಿ ಬಣ್ಣಕ್ಕಿದೆ ಎಂದು ಜಗತ್ತಿಗೆ ಸಾರುವುದೂ ಒಂದು ಕೆಲಸವೇ ಎಂದು ನೀವು ಕೇಳಬಹುದು. ತಂಗಿಯೂ ಕೇಳಿದ್ದಳು. ಅಣ್ಣನ ಉತ್ತರ ನಾಲಗೆಯ ತುದಿಯಲ್ಲೇ ಇತ್ತು: ಹರಟೆ ಹೊಡೆಯುವುದೂ ಕೆಲಸವಲ್ಲ, ಹಾಗಂತ ನೀನು ಬಿಟ್ಟಿದ್ದೀಯಾ? ಬೆಳಿಗ್ಗೆ ಸಂಜೆ ಶಾಲೆಯ ವ್ಯಾನು ಓಡಿಸುವವನು, ನಡುವೆ ಸಿಕ್ಕ ಹೊತ್ತಿನಲ್ಲೆಲ್ಲ ಕೋಣೆಯ ಬಾಗಿಲು ಹಾಕಿಕೊಂಡು ಹಳೇ ವಿಡಿಯೋ ಗೇಮುಗಳ ಮುಂದೆ ಕೂರುತ್ತಿದ್ದ. ಮದುವೆಯ ಮಾತೆತ್ತಿದರೆ ಈ ಲೆವೆಲ್ ಒಂದು ಮುಗಿಯಲಿ ಎನ್ನುತ್ತಿದ್ದ. ಆ ಲೆವೆಲ್ ಮುಗಿಯುವಷ್ಟರಲ್ಲಿ ಹಣೆಯ ಮೇಲಿನ ಕೂದಲು ಮುಗಿದಿತ್ತು.

ಅವನಿಗೆ ಪ್ರಾಣವೆಂದರೆ ‘ಬುಟ್ಟಿ ತಾತ’. ಆಟದ ನಿಜವಾದ ಹೆಸರು ಯಾರಿಗೆ ಗೊತ್ತು, ಕ್ಯಾಸೆಟ್ಟಿನ ಮೇಲಿನ ಚೀಟಿ ಇವರ ಬಾಲ್ಯದಲ್ಲೇ ಕಿತ್ತುಹೋಗಿತ್ತು. ಹೆಸರಿಟ್ಟದ್ದು ಅಣ್ಣ ತಂಗಿ ಸೇರಿ. ತಲೆಯ ಮೇಲೆ ಮೊಟ್ಟೆಯ ಬುಟ್ಟಿ ಹೊತ್ತ ಮುದುಕನೊಬ್ಬ ಮಾಳಿಗೆಯಿಂದ ಮಾಳಿಗೆಗೆ ಹಾರುತ್ತ ಬಲಗಡೆಗೆ ಓಡುತ್ತಾನೆ, ಬುಟ್ಟಿ ಬೀಳಬಾರದು, ಅಷ್ಟೇ ಆಟ. ಟೀವಿಗೆ ಸಿಕ್ಕಿಸುವ ಪೆಟ್ಟಿಗೆಗೂ ಅದು ಬಂದಿತ್ತು, ಅಂಗೈಯಗಲದ ಪುಟ್ಟ ಯಂತ್ರಕ್ಕೂ ಬಂದಿತ್ತು. ಎರಡನ್ನೂ ಮತ್ತೆ ಆಡಿ, ಆಡುತ್ತಲೇ ಮಾತಾಡಿ, ಹೋಲಿಸಿ ಮಾಡಿದ ವಿಡಿಯೋವನ್ನು ಅಣ್ಣ ಒಂದು ಸೋಮವಾರ ತಂಗಿಗೆ ಕಳಿಸಿದ. ಅವಳು ಫೋಟೋ ಸ್ಟುಡಿಯೋ ಒಂದರಲ್ಲಿ ಬೇರೆಯವರ ಮದುವೆ, ನಾಮಕರಣಗಳ ವಿಡಿಯೋ ಕತ್ತರಿಸಿ ಜೋಡಿಸುವ ಕೆಲಸದವಳು. ಊಟದ ಬಿಡುವಿನಲ್ಲಿ ಅಣ್ಣನದನ್ನೂ ಬಿಟ್ಟಿಯಾಗಿ ಮಾಡಿಕೊಡುತ್ತಿದ್ದಳು. ತನ್ನ ದನಿ ತಾನೇ ಕೇಳಿದರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ ಎಂದು ಅವನು ಮುಗಿದ ವಿಡಿಯೋಗಳನ್ನು ಒಮ್ಮೆಯೂ ನೋಡಿದವನಲ್ಲ.

ಈ ಸಲ ಅವನಿಗೆ ಒಂದು ಮಹಾ ಸಂಶೋಧನೆ ಸಿಕ್ಕಿತ್ತು. ಪುಟ್ಟ ಯಂತ್ರದಲ್ಲಿ ತಾತನ ಬೆನ್ನ ಹಿಂದಿನಿಂದ, ಪರದೆಯ ಎಡಮೂಲೆಯಿಂದ, ಒಂದು ಹದ್ದು ಬಂದು ಬುಟ್ಟಿಗೆ ಬಡಿಯುತ್ತದಂತೆ. ಟೀವಿಯದರಲ್ಲಿ ಹದ್ದೇ ಇಲ್ಲವಂತೆ, ಆದರೆ ಅದರ ಏಟು ಮಾತ್ರ ಹಾಗೇ ಉಳಿದಿದೆಯಂತೆ. ಟೀವಿ ಪೆಟ್ಟಿಗೆಯವರು ಜಾಗ ಸಾಲದೆ ಹದ್ದಿನ ಚಿತ್ರ ಕಿತ್ತುಹಾಕಿದರು, ಏಟು ಕೀಳುವುದನ್ನು ಮರೆತರು ಎಂಬುದು ಅವನ ತೀರ್ಪು. ಇದಕ್ಕೆ ‘ಮಾಯದ ಏಟು’ ಎಂದು ಹೆಸರು ಬೇರೆ ಇಟ್ಟಿದ್ದ. “ನೋಡಿ ಸ್ನೇಹಿತರೇ, ತಾತನ ಹತ್ರ ಯಾರೂ ಇಲ್ಲ. ಆದ್ರೂ ಬುಟ್ಟಿ ಬಿತ್ತು. ತಂಗೀ, ಇಲ್ಲಿ ನಿಧಾನ ಮಾಡಿ ತೋರ್ಸು,” ಎಂದು ವಿಡಿಯೋದೊಳಗಿನಿಂದಲೇ ಅಪ್ಪಣೆ ಕೊಟ್ಟಿದ್ದ.

ತಂಗಿ ಅನ್ನದ ಡಬ್ಬಿ ಪಕ್ಕಕ್ಕಿಟ್ಟು, ಆ ಜಾಗವನ್ನು ನಿಧಾನ ಮಾಡಿದಳು. ಹದ್ದೇ ಇಲ್ಲವೆಂದ ಟೀವಿಯ ಆಟದಲ್ಲಿ ಎಡಮೂಲೆಯಿಂದ ಹದ್ದು ಬಂತು. ಕಂದು ರೆಕ್ಕೆ, ಹಳದಿ ಕೊಕ್ಕು, ತಾತನಿಗಿಂತ ದೊಡ್ಡದು. ಆರಾಮಾಗಿ ಹಾರಿ ಬಂದು ಬುಟ್ಟಿಗೆ ಬಡಿದು ಮೇಲೆ ಹೋಯಿತು. ಅದರ ಮೇಲೆಯೇ ಅಣ್ಣನ ದನಿ, ಯಾರೂ ಇಲ್ಲ, ಯಾರೂ ಇಲ್ಲ ಎನ್ನುತ್ತಿತ್ತು.

ಅವಳು ನಕ್ಕಳು. ತಮಾಷೆ ಮಾಡುತ್ತಿದ್ದಾನೆ, ಕೊನೆಗೆ ಹೇ ಮೋಸ ಹೋದಿರಾ ಎನ್ನುತ್ತಾನೆ ಎಂದು ಕೊನೆಯವರೆಗೂ ಓಡಿಸಿದಳು. ಅನ್ನಲಿಲ್ಲ. ಮತ್ತೆ ಮತ್ತೆ ಆಡಿದ್ದ, ಮತ್ತೆ ಮತ್ತೆ ಬುಟ್ಟಿ ಬಿದ್ದಿತ್ತು, ಪ್ರತಿ ಸಲವೂ ಹದ್ದು ಬಂದಿತ್ತು, ಪ್ರತಿ ಸಲವೂ ಅವನು ಪ್ರಾಮಾಣಿಕವಾಗಿ ಸಿಟ್ಟಾಗಿದ್ದ. ಅಣ್ಣನ ಸಿಟ್ಟು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು, ಅದು ನಟನೆಯಲ್ಲ. ನಗು ಅರ್ಧಕ್ಕೆ ನಿಂತಿತು.

ಹಳೆಯ ವಿಡಿಯೋಗಳನ್ನು ತೆಗೆದಳು. ಆಗ ಅವನ್ನೂ ಅವಳೇ ಜೋಡಿಸಿದ್ದು, ಆದರೆ ಬಿಟ್ಟಿ ಕೆಲಸ, ಬಾಯಿಗೆ ತುತ್ತಿಡುತ್ತ ಮಾಡಿದ್ದು, ಕಣ್ಣಿಟ್ಟು ಯಾರು ನೋಡಿದರು? ಕಾರಿನ ರೇಸಿನಲ್ಲಿ, ಟೀವಿಯದರಲ್ಲಿ ಪಕ್ಕದ ಕಾರುಗಳನ್ನೇ ತೆಗೆದುಬಿಟ್ಟಿದ್ದಾರೆ, ದರಿದ್ರದವರು ಎಂದಿದ್ದ. ಪಕ್ಕದಲ್ಲಿ ಕಾರುಗಳು ಸಾಲಾಗಿ ಹೋಗುತ್ತಿದ್ದವು. ಚೆಂಡಿನ ಆಟದಲ್ಲಿ ಮೂಲೆಯ ಲೈನ್ಸ್‌ಮನ್ನೇ ಇಲ್ಲ ಎಂದಿದ್ದ. ಅವನು ಮೂಲೆಯಲ್ಲಿ ಬಾವುಟ ಹಿಡಿದು ನಿಂತಿದ್ದ. ಎಲ್ಲ ವಿಡಿಯೋದಲ್ಲೂ ಒಂದೇ ರಾಗ: ಅಂಗೈಯ ಯಂತ್ರದವರು ಪ್ರಾಮಾಣಿಕರು, ಟೀವಿ ಪೆಟ್ಟಿಗೆಯವರು ಕಳ್ಳರು. ಕೆಳಗೆ ನೋಡುಗರು ಆಡಿಕೊಂಡಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಒಬ್ಬ ಬರೆದಿದ್ದ. ಅದಕ್ಕೆ ಅಣ್ಣ, ನಿಮ್ಮದು ಬೇರೆ ದೇಶದ ಕ್ಯಾಸೆಟ್ಟು, ನನ್ನದು ಬೇರೆ, ಎರಡಕ್ಕೂ ವ್ಯತ್ಯಾಸವಿರುತ್ತದೆ ಎಂದು ಉತ್ತರ ಕೊಟ್ಟು ಆಮೇಲೆ ಓದುವುದನ್ನೇ ಬಿಟ್ಟಿದ್ದ. ನೋಡಿ ಹೇಗಿದೆ. ಆವೃತ್ತಿಯಿಂದ ಆವೃತ್ತಿಗೆ ವ್ಯತ್ಯಾಸ ಹುಡುಕುವುದೇ ಬದುಕು ಮಾಡಿಕೊಂಡವನಿಗೆ, ಏನು ಕಾಣದಿದ್ದರೂ ಒಂದು ಕಾರಣ ಸಿದ್ಧವಾಗಿರುತ್ತದೆ.

ಪುಟ್ಟ ಯಂತ್ರದ ಪರದೆ ಪೂರ್ತಿ ಅವನ ನೋಟದ ನಡುವೆಯೇ ಹಿಡಿಯುತ್ತದೆ. ಟೀವಿ ದೊಡ್ಡದು. ಅದರ ಎದುರು ಅವನು ಮೂಗು ತಾಗುವಷ್ಟು ಹತ್ತಿರ ಕೂರುತ್ತಾನೆ, ಯಾಕೆಂದರೆ ಹಳೇ ಪೆಟ್ಟಿಗೆಯ ವೈರುಗಳೆಲ್ಲ ಮೋಟು. ಹಾಗೆ ಕೂತರೆ ಪರದೆಯ ಮೂಲೆಗಳು ಕಣ್ಣಂಚಿಗೆ ಸರಿಯುತ್ತವೆ. ಅವಳು ಅದನ್ನು ತಾನಾಗಿ ಯೋಚಿಸಲಿಲ್ಲ, ಅದೇ ಬಂದು ಎದೆಯ ಮೇಲೆ ಕೂತಿತು. ಜೊತೆಗೆ ಅಪ್ಪ ಬಂದು ಕೂತ.

ಅಪ್ಪನದು ಸ್ಟೂಲಿನಿಂದ ಶುರುವಾಗಿತ್ತು. ನಡುಮನೆಯ ಸ್ಟೂಲನ್ನು ಯಾರು ಇಲ್ಲಿಟ್ಟದ್ದು ಎಂದು ದಿನವೂ ಎಡವಿ ದಿನವೂ ಬೈಯುತ್ತಿದ್ದ. ಸ್ಟೂಲು ಇದ್ದಲ್ಲೇ ಇತ್ತು. ಲೋಟ ಉರುಳಿದರೆ ಇಟ್ಟವರ ತಪ್ಪು, ಬಾಗಿಲ ಚೌಕಟ್ಟಿಗೆ ಭುಜ ಬಡಿದರೆ ಬಡಗಿಯ ತಪ್ಪು. ಪೇಪರಿನ ಸಣ್ಣಕ್ಷರ ಮಾತ್ರ ಕನ್ನಡಕವಿಲ್ಲದೆ ಓದುತ್ತಿದ್ದ, ಹಾಗಾಗಿ ಕಣ್ಣಿನ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಕೊನೆಗೆ ಡಾಕ್ಟರು ಕಣ್ಣೊಳಗಿನ ಒತ್ತಡ ಹೆಚ್ಚಾಗಿ ಅಂಚಿನಿಂದ ನೋಟ ತಿಂದುಕೊಂಡು ಬಂದಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳುವ ಹೊತ್ತೂ ಮೀರಿದೆ ಎಂದರು. ಇದು ಮಕ್ಕಳಿಗೂ ಬರಬಹುದು, ವರ್ಷಕ್ಕೊಮ್ಮೆ ತೋರಿಸಿ ಎಂದೂ ಹೇಳಿದ್ದರು. ಯಾರು ತೋರಿಸಿದರು? ಅಣ್ಣ ಲೈಸೆನ್ಸಿನ ಪರೀಕ್ಷೆಯಲ್ಲಿ ಗೋಡೆಯ ಕೊನೇ ಸಾಲಿನ ಇರುವೆಯಂಥ ಅಕ್ಷರವನ್ನು ಪಟಪಟ ಓದಿ ಬಂದು, ನನ್ನ ಕಣ್ಣು ಹದ್ದಿನ ಕಣ್ಣು ಎಂದು ಬೀಗಿದ್ದ.

ಆ ಕಣ್ಣಿನವನು ದಿನಾ ಬೆಳಿಗ್ಗೆ ವ್ಯಾನಿನ ತುಂಬ ಮಕ್ಕಳನ್ನು ತುಂಬಿಕೊಂಡು ಹೋಗುತ್ತಿದ್ದ. ಅದರಲ್ಲಿ ಕೊನೆಯ ಸ್ಟಾಪು ತಂಗಿಯ ಮನೆ. ಒಬ್ಬಳೇ ಮಗಳು, ಎರಡನೇ ಕ್ಲಾಸು, ಬಾಯಿ ಜೋರಿನವಳಾದ್ದರಿಂದ ಮಾವ ಇಟ್ಟ ಹೆಸರು ಮೆಣಸಿ.

ತಂಗಿ ವಿಡಿಯೋ ನಿಲ್ಲಿಸಿದಳು. ಕಂಪ್ಯೂಟರಿನಲ್ಲಿ ಹದ್ದು ರೆಕ್ಕೆ ಬಿಚ್ಚಿಕೊಂಡು ನಿಂತಿತ್ತು. ಅನ್ನದ ಡಬ್ಬಿ ಹಾಗೇ ಮನೆಗೆ ವಾಪಸು ಹೋಯಿತು.

ಮರುದಿನ ಬೆಳಿಗ್ಗೆ ಬೀದಿಯ ಕೊನೆಯಲ್ಲಿ ಹಾರ್ನು ಕೇಳಿದಾಗ ಮೆಣಸಿ ಚೀಲ ಹೆಗಲಿಗೇರಿಸಿ ನಿಂತಿದ್ದಳು. ತಾಯಿ ಹೋಗಿ ಚೀಲ ಕಿತ್ತು ಒಳಗಿಟ್ಟು, ನಿನಗೆ ಜ್ವರ, ಮಲಗು ಎಂದಳು. ಮಗಳು ಹಣೆ ಮುಟ್ಟಿಕೊಂಡು ನೋಡಿ, ಜ್ವರ ಇಲ್ಲವೇ ಇಲ್ಲ ಎಂದು ವಾದಕ್ಕೆ ನಿಂತಳು. ಬರುತ್ತದೆ, ಮಲಗು ಎಂದಳು ತಾಯಿ. ಹೊರಗೆ ಹೋಗಿ ಅಣ್ಣನಿಗೂ ಅದನ್ನೇ ಹೇಳಿದಳು. ಅವನು ಕಿಟಕಿಯಿಂದ ತಲೆ ಹೊರಹಾಕಿ, ಮೆಣಸಿನಕಾಯಿಗೇ ಖಾರ ಹತ್ತಿತಾ ಎಂದು ನಕ್ಕು, ಸಂಜೆ ಬಂದು ನೋಡುತ್ತೇನೆ ಎಂದು ಹೊರಟ. ಹಿಂದಿನ ಸೀಟಿನ ಮಕ್ಕಳು ಅವಳಿಗೆ ಕೈ ಬೀಸಿದರು. ಅವಳೂ ಬೀಸಿದಳು. ಹೌದು, ಕೈ ಬೀಸಿ ಕಳಿಸಿದಳು. ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆ ಎದೆಯಲ್ಲಿ ಅವಲಕ್ಕಿ ಕುಟ್ಟುವುದಕ್ಕೆ ಶುರುವಾಯಿತು, ಸಂಜೆ ವ್ಯಾನು ಖಾಲಿಯಾಗಿ ಹಿಂತಿರುಗುವವರೆಗೂ ನಿಲ್ಲಲಿಲ್ಲ.

ಹೇಳಿಬಿಡಬಾರದಿತ್ತೇ ಎನ್ನುತ್ತೀರಿ. ಹೇಳುವುದು ಸುಲಭ. ಅನುಮಾನವೇ ಸುಳ್ಳಾದರೆ? ಕಣ್ಣು ಮಂಜು ಎಂಬ ಒಂದು ಮಾತು ಶಾಲೆಯ ಕಿವಿಗೆ ಬಿದ್ದರೆ ಅಣ್ಣನ ಸ್ಟಿಯರಿಂಗು ಹೋಯಿತು. ಅವನಿಗೆ ಬೇರೆ ಕೆಲಸ ಬರುವುದಿಲ್ಲ, ಬೇರೆ ಕೆಲಸ ಬೇಕೂ ಇಲ್ಲ. ನಿಜವಾದರೆ? ನಿಜವಾದರೆ ಎಂಬಲ್ಲಿಗೆ ಬಂದಾಗೆಲ್ಲ ಅವಳ ಯೋಚನೆ ಅಲ್ಲೇ ನಿಂತುಬಿಡುತ್ತಿತ್ತು. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು.

ಮಧ್ಯಾಹ್ನ ಅಮ್ಮನ ಹತ್ತಿರ ಹೋದಳು. ಅಮ್ಮ ಅಣ್ಣನ ಜೊತೆಗೇ ಇರುವವಳು. ಬಟ್ಟೆ ಮಡಿಸುತ್ತಿದ್ದವಳ ಎದುರು ಕೂತು, ಅಪ್ಪನಿಗೆ ಮೊದಲು ಹೇಗೆ ಶುರುವಾಯಿತು ಎಂದು ಸುಮ್ಮನೆ ಎಂಬಂತೆ ಕೇಳಿದಳು. ಅಮ್ಮ ಸ್ಟೂಲಿನ ಕತೆ ಹೇಳಿದಳು, ಲೋಟದ ಕತೆ ಹೇಳಿದಳು, ಅಪ್ಪ ಕಾಣದೆ ಬಿದ್ದ ಮೆಟ್ಟಿಲಿನ ಹತ್ತಿರ ಬಂದಾಗ ನಿಲ್ಲಿಸಿದಳು. ಅವಳ ಕೈಯಲ್ಲಿದ್ದ ಅಂಗಿ ಅಣ್ಣನದು, ಖಾಕಿ ಬಣ್ಣದ್ದು, ಭುಜದ ಹತ್ತಿರ ಗೋಡೆಯ ಸುಣ್ಣ ಹತ್ತಿ ಒಗೆದರೂ ಹೋಗದೆ ನಿಂತಿತ್ತು.

“ಯಾಕೆ ಕೇಳ್ತೀಯ?” ಎಂದಳು ಅಮ್ಮ.

“ಸುಮ್ನೆ.”

“ನೀನು ಸುಮ್ನೆ ಏನನ್ನೂ ಕೇಳಿದವಳಲ್ಲ. ಮೊನ್ನೆ ನಿಮ್ಮಣ್ಣ ಬಚ್ಚಲ ಬಾಗ್ಲಿಗೆ ಬಡ್ಕೊಂಡು ಬಡಗೀನ ಬೈದ. ನಾನು ಕೇಳಿಸ್ಕೊಂಡೂ ಕೇಳಿಸ್ಕೊಳ್ಳದ ಹಾಗೆ ಇದ್ದುಬಿಟ್ಟೆ. ನಂಗೆ ಗೊತ್ತಿಲ್ಲದೇ ಇದ್ರೆ ಅದು ಇರೋದೇ ಇಲ್ಲ ಅಂತ ಅಂದ್ಕೊಂಡೆ.”

ಅಮ್ಮ ಆ ಅಂಗಿಯನ್ನು ಮಡಿಸದೆ ಪಕ್ಕಕ್ಕಿಟ್ಟಳು. ಅಮ್ಮನ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಮೊದಲು ಖಾತ್ರಿ ಮಾಡಿಕೋ, ಆಮೇಲೆ ಬಾಯಿ ಬಿಡು, ನನಗೆ ಇನ್ನೊಂದು ಸಲ ಅದನ್ನೆಲ್ಲ ನೋಡುವ ಶಕ್ತಿಯಿಲ್ಲ ಎಂದು ಅವಳು ಮಗಳ ಕೈ ಹಿಡಿದುಕೊಂಡಳು.  

ಖಾತ್ರಿ ಮಾಡಿಕೊಳ್ಳಲು ಬುಧವಾರ ಬೆಳಿಗ್ಗೆ ಅವಳು ವ್ಯಾನನ್ನೇ ಹತ್ತಿದಳು. ಮಗಳಿಗೆ ಜ್ವರ ಇಳಿದಿಲ್ಲ, ತನಗೆ ಸ್ಟುಡಿಯೋದಲ್ಲಿ ಬೇಗ ಕೆಲಸವಿದೆ, ದಾರಿಯಲ್ಲಿ ಇಳಿಸಿಬಿಡು ಎಂದಳು. ಅಣ್ಣನ ಪಕ್ಕದ ಸೀಟಿನಲ್ಲಿ ಕೂತಳು. ಹಿಂದೆ ಮಕ್ಕಳ ಸಂತೆ. ಮಕ್ಕಳು ಅವನನ್ನು ಹಾರ್ನ್ ಮಾವ ಎನ್ನುತ್ತಿದ್ದರು, ಪ್ರತಿ ಗಲ್ಲಿಯ ಬಾಯಿಗೆ ಬಂದಾಗಲೂ ಅವನು ಉದ್ದಕ್ಕೆ ಹಾರ್ನು ಒತ್ತುತ್ತಿದ್ದ. ಮಕ್ಕಳನ್ನು ನಗಿಸಲು ಎಂದು ಅವಳು ಇಷ್ಟು ದಿನ ತಿಳಿದಿದ್ದಳು. ಇವತ್ತು ಪಕ್ಕದಲ್ಲಿ ಕೂತು ನೋಡಿದರೆ, ಗಲ್ಲಿಯಿಂದ ಏನು ಬರುತ್ತದೋ ಗೊತ್ತಿಲ್ಲದವನು ಒತ್ತುವ ಹಾರ್ನು ಅದು. ಅವನಿಗೇ ಅದು ಗೊತ್ತಿರಲಿಲ್ಲ. ಒಳಗೆಲ್ಲೋ ಭಯ ಬಿದ್ದ ಕೈ ತಾನಾಗಿ ಒತ್ತುತ್ತಿತ್ತು.

ನೇರ ರಸ್ತೆಯಲ್ಲಿ ಅವನಂಥ ಡ್ರೈವರಿಲ್ಲ. ಗುಂಡಿ ಕಂಡರೆ ಸಾಕು ಹೂವೆತ್ತಿದ ಹಾಗೆ ಮೆಲ್ಲಗೆ ಬಳಸಿ ಹೋಗುತ್ತಿದ್ದ. ದೂರದ ಬಸ್ಸಿನ ನಂಬರು ಅವಳಿಗಿಂತ ಮೊದಲೇ ಓದುತ್ತಿದ್ದ. ಅವಳ ಬಿಗಿದ ಮುಷ್ಟಿ ಸಡಿಲವಾಗುತ್ತ ಬಂತು. ದೇವರೇ, ಹಗ್ಗ ನೋಡಿ ಹಾವು ಅಂದುಕೊಂಡೆನೇ ಎಂದು ಉಸಿರು ಬಿಟ್ಟಳು. ಆಗಲೇ ಪಕ್ಕದ ಗಲ್ಲಿಯಿಂದ ಗ್ಯಾಸ್ ಸಿಲಿಂಡರು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ಹೊರಬಂದ. ನಿಧಾನವಾಗಿ ಬಂದ. ಕೆಂಪು ಸಿಲಿಂಡರು, ಹಸಿರು ಅಂಗಿ. ಅವಳು ಅವನನ್ನು ನೋಡಿದಳು, ಅಣ್ಣನ ಮುಖ ನೋಡಿದಳು. ಅಣ್ಣ ಮುಂದೆ ನೋಡುತ್ತ ಏನೋ ತಮಾಷೆ ಹೇಳುತ್ತಿದ್ದ. ಸೈಕಲ್ಲಿನವನು ಇನ್ನೂ ಹತ್ತಿರವಾದ. ಅಣ್ಣ ಮಾತು ಮುಂದುವರಿಸಿದ.

ಅವಳು ಕಿರುಚಿದಳು. ಬ್ರೇಕು ಬಿತ್ತು. ಹಿಂದೆ ಟಿಫಿನ್ ಡಬ್ಬಿಗಳು ಧಡಧಡ ಉರುಳಿದವು, ಒಂದು ಮಗು ಮುಂದಿನ ಸೀಟಿಗೆ ಗಲ್ಲ ಬಡಿದುಕೊಂಡು ಅತ್ತಿತು. ಸೈಕಲ್ಲಿನವನು ಒಂದು ಗೇಣಿನಲ್ಲಿ ಉಳಿದು, ವ್ಯಾನಿನ ಮೂತಿಗೆ ಕೈಯಿಂದ ಗುದ್ದಿ, ಕಣ್ಣು ಮನೆಯಲ್ಲಿಟ್ಟು ಬಂದಿದ್ದೀಯಾ ಎಂದು ಬೈದು ಹೋದ.

“ಎಲ್ಲಿಂದ ಬಂದ ಇವನು?” ಎಂದ ಅಣ್ಣ, ಬೆವರು ಒರೆಸಿಕೊಳ್ಳುತ್ತ. “ಅಲ್ಲಿ ಯಾರೂ ಇರ್ಲಿಲ್ಲ ಕಣೇ. ಯಾರೂ ಇರ್ಲಿಲ್ಲ.”

ಅದೇ ದನಿ, ಅದೇ ಸಿಟ್ಟು, ಅದೇ ಪ್ರಾಮಾಣಿಕತೆ.  ಮಕ್ಕಳ ಮುಂದೆ ಏನು ಹೇಳಬೇಕು? ಹಾರ್ನ್ ಮಾವ ಹಾರ್ನು ಮರೆತ ಎಂದು ಒಂದು ಮಗು ಕೂಗಿತು, ಎಲ್ಲ ನಕ್ಕವು, ಗಲ್ಲ ಬಡಿದುಕೊಂಡದ್ದೂ ಅಳುತ್ತಲೇ ನಕ್ಕಿತು. ಸ್ಟುಡಿಯೋ ಬಂತು. ಅವಳು ಇಳಿದಳು. ಇಳಿದು, ಬಾಗಿಲು ಹಾಕಿ, ಮುಂದೆ ಹೋಗಲು ಬಿಟ್ಟಳು. ಕೀ ಕಿತ್ತುಕೊಂಡು ಓಡಬೇಕಿತ್ತು, ಚಕ್ರಕ್ಕೆ ಅಡ್ಡ ಮಲಗಬೇಕಿತ್ತು ಎಂದು ಆಮೇಲೆ ನೂರು ಸಲ ಅನಿಸಿತು. ಆ ಕ್ಷಣಕ್ಕೆ ಭಯ ಅವಳ ನಾಲಗೆಯನ್ನು ಗಂಟುಕಟ್ಟಿ ಇಟ್ಟಿತ್ತು. ಭಯಸ್ಥರಿಗೆ ಬುದ್ಧಿ ಬರುವುದೇ ತಡವಾಗಿ.

ಗುರುವಾರ, ಶುಕ್ರವಾರ ಅವಳು ಬದುಕಿದ್ದು ಬದುಕಲ್ಲ. ಸ್ಟುಡಿಯೋದಲ್ಲಿ ಮದುಮಗಳ ತಲೆ ಕತ್ತರಿಸಿ ಎಸೆದು ಮಾಲೀಕನಿಂದ ಬೈಸಿಕೊಂಡಳು. ದಾರಿಯಲ್ಲಿ ಆಂಬುಲೆನ್ಸ್ ಕೂಗಿದರೆ ಕುರ್ಚಿ ಬಿಟ್ಟು ಎದ್ದು ಕಿಟಕಿಗೆ ಓಡುತ್ತಿದ್ದಳು. ತಾನೇ ಒಂದು ಕಡೆ ನೆಟ್ಟಗೆ ನೋಡುತ್ತ, ಎರಡೂ ಕೈ ಚಾಚಿ, ಬೆರಳು ಆಡಿಸಿ, ಕಾಣುತ್ತಿವೆಯೇ ಎಂದು ಪರೀಕ್ಷಿಸಿಕೊಳ್ಳುತ್ತಿದ್ದಳು. ಕಾಣುತ್ತಿದ್ದವು. ಸಮಾಧಾನವಾಗುತ್ತಿತ್ತು, ಆ ಸಮಾಧಾನಕ್ಕೆ ನಾಚಿಕೆಯೂ ಆಗುತ್ತಿತ್ತು. ಮನೆಯಲ್ಲಿ ಮೆಣಸಿ, ಇಲ್ಲದ ಜ್ವರಕ್ಕೆ ಮಲಗಿ ಮಲಗಿ ಬೆನ್ನು ನೋಯುತ್ತದೆ, ನನ್ನನ್ನು ಶಾಲೆಗೆ ಕಳಿಸು ಎಂದು ರಂಪ ಮಾಡುತ್ತಿದ್ದಳು. ಕಳಿಸುವುದಿಲ್ಲ ಎಂದಳು ತಾಯಿ, ಕೆನ್ನೆಗೆ ಒಂದು ಬಿಟ್ಟಳು, ಆಮೇಲೆ ಅಪ್ಪಿಕೊಂಡು ತಾನೇ ಅತ್ತಳು. ಅಣ್ಣ ಎರಡೂ ಸಂಜೆ ಬಂದು ಸೊಸೆಯ ಹಣೆ ಮುಟ್ಟಿ, ಬಿಸಿಯೇ ಇಲ್ಲವಲ್ಲ ಎಂದು, ಅವಳಿಗಾಗಿ ತಂದ ಬಿಸ್ಕತ್ತು ಕೊಟ್ಟು ಹೋದ.

ಶನಿವಾರ ಶಾಲೆಗೆ ರಜೆ. ಬೆಳಿಗ್ಗೆ ತಿಂಡಿ ಮುಗಿಯುವ ಹೊತ್ತಿಗೆ ಅವಳು ಸ್ಟುಡಿಯೋದಿಂದ ಒಂದು ಉದ್ದನೆಯ ವಿಡಿಯೋ ವೈರು ಸುತ್ತಿ ಚೀಲದಲ್ಲಿಟ್ಟುಕೊಂಡು ಅಣ್ಣನ ಕೋಣೆಗೆ ಬಂದಳು. ಮಾಯದ ಏಟು ಸರಿಯಾಗಿ ಮೂಡಿಲ್ಲ, ಇನ್ನೊಂದು ಸಲ ಆಡಿ ತೋರಿಸು ಎಂದಳು. ಇಷ್ಟು ಹೇಳಿದರೆ ಸಾಕಿತ್ತು, ಅವನು ಖುಷಿಯಿಂದ ಕ್ಯಾಸೆಟ್ಟು ಊದಿ ಧೂಳು ಹಾರಿಸಿ ಪೆಟ್ಟಿಗೆಗೆ ತುರುಕಿದ. ಟೀವಿಯ ಎದುರು ಎಂದಿನ ಜಾಗದಲ್ಲಿ ಕುರ್ಚಿ. ತಾತ ಓಡಿದ. ಹದ್ದು ಬಂತು. ಬುಟ್ಟಿ ಬಿತ್ತು.

ನೋಡಿದೆಯಾ, ಯಾರೂ ಇಲ್ಲ ಎಂದ ಅಣ್ಣ. ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಹದ್ದು ಅವಳಿಗೂ ಕಂಡಿತ್ತು.

ತಂಗಿ ಮೋಟು ವೈರು ಕಿತ್ತು ಉದ್ದದ್ದನ್ನು ಹಾಕಿದಳು. ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ ಎದುರಿನ ಗೋಡೆಯ ಪ್ಲಗ್ಗಿನ ಹತ್ತಿರ ಇಟ್ಟಳು, ಕುರ್ಚಿಯನ್ನೂ ಅಲ್ಲಿಗೆ ಎಳೆದಳು. ಇಲ್ಲಿಂದ ಆಡು, ಯಾವಾಗಲೂ ಆಡುವ ಹಾಗೆ ತಾತನ ಮುಂದೆಯೇ ನೋಡುತ್ತಿರು, ಬೇರೆಲ್ಲೂ ಕಣ್ಣು ಹಾಯಿಸಬೇಡ ಎಂದಳು. ಇದೇನು ಹೊಸ ನಾಟಕ ಎಂದು ಗೊಣಗುತ್ತ ಅವನು ಕೂತ.

ಅಷ್ಟು ದೂರದಿಂದ ಟೀವಿ ಅಂಗೈಯ ಯಂತ್ರದಷ್ಟು ಪುಟ್ಟದಾಗಿ ಕಂಡಿತು. ತಾತ ಓಡಿದ, ಹಾರಿದ.

“ಅರೆ,” ಎಂದ ಅಣ್ಣ. “ಬಂತಲ್ಲೇ ಹದ್ದು!”

ಅವನ ಮುಖ ಅರಳಿತು. ಕ್ಯಾಸೆಟ್ಟು ಬಿಸಿಯಾದ ಮೇಲೆ ಚಿತ್ರ ಮೂಡುತ್ತದೆಯೋ ಏನೋ, ಹೊಸ ವೈರಿಗೆ ಸರಿಹೋಯಿತೋ ಏನೋ ಎಂದು ಬಡಬಡಿಸಿದ. ಇದನ್ನು ಈಗಲೇ ವಿಡಿಯೋ ಮಾಡಬೇಕು ಎಂದು ಪೆಟ್ಟಿಗೆ ಕುರ್ಚಿ ಎರಡನ್ನೂ ಮುಂದೆ ತಂದು ಆಡಿದ. ಹದ್ದಿಲ್ಲ. ಬುಟ್ಟಿ ಮಾತ್ರ ಬಿತ್ತು. ಕ್ಯಾಸೆಟ್ಟು ಹೊರತೆಗೆದ, ಊದಿದ, ಹಾಕಿದ. ಹದ್ದಿಲ್ಲ. ಹಿಂದೆ ಹೋದ. ಹದ್ದು. ಮುಂದೆ ಬಂದ. ಇಲ್ಲ. ಮೋಟು ವೈರು ಹಾಕಿದ. ಇಲ್ಲ. ಉದ್ದ ವೈರು ಹಾಕಿಯೂ ಮುಂದೆ ಕೂತ. ಇಲ್ಲ. ಪಾಪ, ಆವೃತ್ತಿ ಹೋಲಿಸುವುದರಲ್ಲಿ ಪಳಗಿದವನು, ಒಂದೊಂದನ್ನೇ ಬದಲಿಸಿ, ಒಂದೊಂದನ್ನೇ ತಳ್ಳಿಹಾಕುತ್ತ ಬಂದ. ಕ್ಯಾಸೆಟ್ಟಲ್ಲ. ವೈರಲ್ಲ. ಪೆಟ್ಟಿಗೆಯಲ್ಲ. ಪ್ರತಿ ಸಲ ಕುರ್ಚಿ ಎಳೆದಾಗಲೂ ಅವನ ಮಾತು ಕಮ್ಮಿಯಾಯಿತು. ತಂಗಿ ಗೋಡೆಗೆ ಒರಗಿ ನಿಂತು, ಇನ್ನು ಸಾಕು, ಇನ್ನು ಎಳೆಯಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು.

ಕೊನೆಗೆ ಅವನು ಮುಂದಿನ ಜಾಗದಲ್ಲೇ ಕೂತು, ಹದ್ದು ಬರುವ ಹೊತ್ತಿಗೆ ತಾತನನ್ನು ಬಿಟ್ಟು ಎಡಮೂಲೆಗೆ ತಲೆ ತಿರುಗಿಸಿದ. ಅದು ಅಲ್ಲೇ ಇತ್ತು, ರೆಕ್ಕೆ ಬಡಿಯುತ್ತ ಬಂತು. ಅವನು ಬಟನ್ನುಗಳಿಂದ ಕೈ ತೆಗೆದ. ತಾತ ಮಾಳಿಗೆಯ ಅಂಚಿನಿಂದ ಕೆಳಗೆ ಬಿದ್ದ.

“ಅಪ್ಪನದೇನಾ?” ಎಂದು ಕೇಳಿದ.

 ಅಮ್ಮ ಬಾಗಿಲಲ್ಲೇ ಕುಸಿದು ಕೂತಳು.  ಅಷ್ಟು ದೊಡ್ಡ ಮನುಷ್ಯ ಆ ಕುರ್ಚಿಯಲ್ಲಿ ಕಳೆದುಹೋದ ಮಗುವಿನಂತೆ ಕಂಡ. ತಂಗಿ ಹೋಗಿ ಅವನ ಭುಜ ಹಿಡಿದುಕೊಂಡಳು. ಉಳಿದದ್ದನ್ನು ಉಳಿಸಿಕೊಳ್ಳಬಹುದು, ಅಪ್ಪನಷ್ಟು ತಡವಾಗಿಲ್ಲ, ಇವತ್ತೇ ಡಾಕ್ಟರ ಹತ್ತಿರ ಹೋಗೋಣ, ಕಣ್ಣಿಗೆ ಹನಿ ಇದೆ, ಆಪರೇಷನ್ ಇದೆ ಎಂದು ಒಂದೇ ಉಸಿರಿಗೆ ಹೇಳಿದಳು. ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಬೇರೇನನ್ನೋ ಲೆಕ್ಕ ಹಾಕುತ್ತಿದ್ದ.

“ನಿಂಗೆ ಯಾವತ್ತಿಂದ ಗೊತ್ತು?”

“ಸೋಮವಾರ ಅನುಮಾನ ಬಂತು. ಬುಧವಾರ ಆ ಸೈಕಲ್ಲು...”

“ಮೆಣಸಿಗೆ ಜ್ವರ ಬಂದಿದ್ದು ಮಂಗಳವಾರ.”

ಅವಳು ಭುಜದಿಂದ ಕೈ ತೆಗೆದಳು.

“ಜ್ವರ ಇರ್ಲಿಲ್ಲ, ಅಲ್ವಾ?” ಎಂದ. ದನಿಯೇರಿಸಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. “ನಿನ್ನ ಮಗಳನ್ನ ಇಳಿಸ್ಕೊಂಡೆ. ಮಿಕ್ಕ ಮಕ್ಕಳನ್ನ ನನ್ನ ಜೊತೆ ಬಿಟ್ಟೆ.”

ನಾನು ಹೆದರಿದ್ದೆ ಎನ್ನಬೇಕೆಂದು ಅವಳು ಬಾಯಿ ತೆರೆದಳು. ಅದು ನಿಜವೂ ಆಗಿತ್ತು. ಆದರೆ ಆ ಹೆದರಿಕೆಯಲ್ಲೂ ಒಂದು ಮಗುವನ್ನು ಮಾತ್ರ ಆರಿಸಿ ತೆಗೆದಿಟ್ಟುಕೊಳ್ಳುವಷ್ಟು ಎಚ್ಚರ ಅವಳಿಗಿತ್ತಲ್ಲ. 

ಅವನು ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತು ಶಾಲೆಯ ವ್ಯಾನುಗಳ ಉಸ್ತುವಾರಿಯವರಿಗೆ ಫೋನು ಮಾಡಿದ. ನನಗೆ ಪಕ್ಕದ್ದು ಕಣ್ಣಿಗೆ ಕಾಣುತ್ತಿಲ್ಲ, ಸೋಮವಾರದಿಂದ ಬೇರೆ ಡ್ರೈವರನ್ನು ಹಾಕಿ ಎಂದ. ಆ ಕಡೆಯವರು ಏನೋ ಗಾಬರಿಯಿಂದ ಕೇಳಿದರು. ಇಲ್ಲ, ಇಲ್ಲಿಯವರೆಗೆ ಯಾರಿಗೂ ಏನೂ ಆಗಿಲ್ಲ ಎಂದ. ಆಮೇಲೆ ಹೊಸ ಡ್ರೈವರಿಗೆ ಹೇಳಿ ಎಂದು ಸ್ಟಾಪುಗಳನ್ನು ಒಂದೊಂದಾಗಿ ಹೇಳತೊಡಗಿದ. ಹಾಲಿನ ಅಂಗಡಿ ಹತ್ತಿರದ ಹುಡುಗ ವ್ಯಾನಿನ ಹಿಂದಿನಿಂದ ಓಡಿ ಬರುತ್ತಾನೆ, ಪಕ್ಕಕ್ಕೆ ನೋಡಿಕೊಂಡೇ ಗಾಡಿ ಎತ್ತಬೇಕು. ಅವಳಿ ಹುಡುಗಿಯರಲ್ಲಿ ಒಬ್ಬಳು ಹತ್ತಿದ ತಕ್ಷಣ ಹೊರಡಬಾರದು, ಇನ್ನೊಬ್ಬಳು ಚಪ್ಪಲಿ ಹಾಕುತ್ತಿರುತ್ತಾಳೆ. ನೀರಿನ ಟ್ಯಾಂಕಿನ ತಿರುವಿನಲ್ಲಿ ಒಂದು ಪುಟ್ಟದು ಅಮ್ಮನ ಕೈ ಬಿಡಿಸಿಕೊಂಡು ರಸ್ತೆಗೆ ಬರುತ್ತದೆ. ತಂಗಿ ಗೋಡೆಗೆ ಬೆನ್ನು ಕೊಟ್ಟು ನಿಂತು ಒಂದೊಂದು ಮಗುವನ್ನೂ ಕೇಳಿಸಿಕೊಂಡಳು. ಅವಳು ಕೈ ಬೀಸಿ ಕಳಿಸಿದ ಮಕ್ಕಳೇ ಎಲ್ಲ.

“ಕೊನೇ ಸ್ಟಾಪು ನನ್ನ ತಂಗಿ ಮನೆ,” ಎಂದ ಅಣ್ಣ ಫೋನಿಗೆ. “ಅವಳ ಮಗಳಿಗೆ ಜ್ವರ ಬಿಟ್ಟಿದೆ. ಸೋಮವಾರದಿಂದ ಬರ್ತಾಳೆ.”